ಹೋಟೆಲ್ ಹಾಲ್‌ನಲ್ಲಿ ಕಾರ್ಯಕ್ರಮ: ಅಲಂಕಾರ ಮುಗಿದ ಮೇಲೆ ಬಾಗಿಲು ಎಲ್ಲಿದೆ ನೋಡಿದಿರಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಕಚೇರಿಯ ವಾರ್ಷಿಕ ಕಾರ್ಯಕ್ರಮ ಒಂದು ಹೋಟೆಲ್ ಹಾಲ್‌ನಲ್ಲಿದೆ, ಸುಮಾರು 300 ಜನ. ವ್ಯವಸ್ಥೆ ಪೂರ್ತಿ ನನ್ನ ತಲೆ ಮೇಲಿದೆ. ಸ್ಟೇಜ್, ಎಲ್‌ಇಡಿ ಪರದೆ, ಹೊಗೆ ಮಷೀನ್ ಎಲ್ಲಾ ಹೊರಗಿನ ಡೆಕೊರೇಷನ್‌ನವರದ್ದು. ಹೋಟೆಲ್‌ನವರು "ಫೈರ್ ಸರ್ಟಿಫಿಕೇಟ್ ಇದೆ, ಯೋಚನೆ ಮಾಡಬೇಡಿ" ಅನ್ನುತ್ತಾರೆ. ಅಷ್ಟು ಸಾಕಾ?

ಉತ್ತರ (ಹೋಟೆಲ್ ಸುರಕ್ಷತೆ ವಿಭಾಗದಲ್ಲಿರುವವರು): ಸಾಲದು ಮೇಡಂ. ತಪಾಸಣೆಗೆ ಬಂದವರು ನೋಡಿರುವುದು ಹೋಟೆಲ್‌ನವರ ಹಾಲ್ ಮಾತ್ರ. ನಿಮ್ಮ ಸ್ಟೇಜ್, ಪರದೆ, ವೈರು ಬಂದ ಮೇಲೆ ಅದು ಹಾಗೇ ಇರುವುದಿಲ್ಲ. ನನ್ನ ಅನುಭವದಲ್ಲಿ ಜಾಸ್ತಿ ತೊಂದರೆ ಶುರುವಾಗುವುದೇ ಅಲಂಕಾರ ಮಾಡುವಾಗ.

ಒಮ್ಮೆ ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲು ಹಾಲ್ ಸುತ್ತಿ ಬರಲು ಹೋಗಿದ್ದೆ. ನಕ್ಷೆಯಲ್ಲಿ ಸ್ಟೇಜ್ ಹಿಂದೆ ಒಂದು ಎಮರ್ಜೆನ್ಸಿ ಬಾಗಿಲು ಇತ್ತು, ಆದರೆ ಅಲ್ಲಿ ಬಾಗಿಲೇ ಕಾಣಲಿಲ್ಲ. ಬ್ಯಾಕ್‌ಡ್ರಾಪ್ ಬಟ್ಟೆ ಸರಿಸಿದರೆ ಹಸಿರು ಎಕ್ಸಿಟ್ ಬೋರ್ಡ್‌ನ ದೀಪ ಉರಿಯುತ್ತಾ ಇದೆ, ಅದರ ಕೆಳಗೆ ಬಾಗಿಲಿನ ಹಿಡಿಗೆ ಕೇಬಲ್ ಟೈ ಬಿಗಿದಿದ್ದಾರೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತಿತ್ತಂತೆ, ಅದಕ್ಕೆ. ಟೈ ಕತ್ತರಿಸಿ ಆಚೆ ಹೋದರೆ ಮೆಟ್ಟಿಲ ಮೇಲೆ ಆಳೆತ್ತರಕ್ಕೆ ಕುರ್ಚಿ ಪೇರಿಸಿದ್ದಾರೆ. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ, ಎಲ್ಲರೂ ಅವರವರ ಕೆಲಸ ಮಾಡಿದ್ದರು. ಆ ದಿನ ನನ್ನ ಕೈಕಾಲು ತಣ್ಣಗಾಗಿತ್ತು.

ಹಾಗಾಗಿ ಜನ ಬರುವ ಮೊದಲು ಪ್ರತಿ ಬಾಗಿಲ ತನಕ ನೀವೇ ನಡೆಯಿರಿ. ಬಾಗಿಲು ತಳ್ಳಿ, ಮೆಟ್ಟಿಲು ಇಳಿದು, ಕಟ್ಟಡದಿಂದ ಹೊರಗೆ ಬಯಲಿಗೆ ಬಂದು ನಿಲ್ಲಿ. ಟೇಬಲ್‌ಗಳ ನಡುವಿನ ದಾರಿಯನ್ನು ಕುರ್ಚಿ ಹಿಂದಕ್ಕೆ ಎಳೆದಿಟ್ಟು ನೋಡಿ, ಜನ ಕೂತಾಗ ಅದು ಅರ್ಧಕ್ಕರ್ಧ ಕಡಿಮೆಯಾಗುತ್ತೆ. ಶುರುವಿನಲ್ಲೇ ಮೈಕ್‌ನಲ್ಲಿ ಬಾಗಿಲುಗಳನ್ನು ತೋರಿಸಿ ಹೇಳಿಸಿ. ಗಾಬರಿಯಾದಾಗ ಜನ ಒಳಗೆ ಬಂದ ಬಾಗಿಲಿಗೇ ನುಗ್ಗುತ್ತಾರೆ, ಪಕ್ಕದಲ್ಲಿ ಇನ್ನೊಂದು ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಹೊಗೆ ಮಷೀನ್ ಬಗ್ಗೆ ಖಂಡಿತ ಕೇಳಿ. ಅಲಾರಂ ಸುಮ್ನೆ ಕೂಗಬಾರದು ಅಂತ ಕೆಲವು ಕಡೆ ಹಾಲ್‌ನ ಸ್ಮೋಕ್ ಡಿಟೆಕ್ಟರ್‌ಗಳನ್ನೇ ಆಫ್ ಮಾಡಿಬಿಡುತ್ತಾರೆ. ಆಫ್ ಮಾಡಿದವರು ಯಾರು, ಮತ್ತೆ ಆನ್ ಮಾಡುವವರು ಯಾರು, ಅಲ್ಲಿಯ ತನಕ ಹಾಲ್ ಮೇಲೆ ಕಣ್ಣಿಡುವವರು ಯಾರು ಅಂತ ಬರೆಸಿಕೊಳ್ಳಿ. ಉತ್ತರ ಸಿಗದಿದ್ದರೆ ಹೊಗೆ ಮಷೀನ್ ಬೇಡ ಅನ್ನಿ. ಅದಿಲ್ಲದೆ ಕಾರ್ಯಕ್ರಮ ಏನೂ ನಿಲ್ಲುವುದಿಲ್ಲ ಅಲ್ವಾ?

ಪ್ರಶ್ನೆ: ಥ್ಯಾಂಕ್ಸ್ ಸರ್. ಎಲ್‌ಇಡಿ ಪರದೆಯನ್ನು ಮೇಲಿಂದ ತೂಗುಹಾಕುತ್ತಾರಂತೆ. ಅದು ಸರಿನಾ?

ಉತ್ತರ: ಯಾವುದಕ್ಕೆ ತೂಗುಹಾಕುತ್ತಾರೆ ಅನ್ನುವುದೇ ಮುಖ್ಯ. ಫಾಲ್ಸ್ ಸೀಲಿಂಗ್ ತನ್ನ ಭಾರವನ್ನು ಮಾತ್ರ ಹೊರುತ್ತೆ. ಮೇಲಿನ ತೊಲೆಗೋ ಸ್ಲ್ಯಾಬ್‌ಗೋ ಹಾಕಿರುವ ಕೊಕ್ಕೆ ಬೇಕು, ಅದು ಎಷ್ಟು ಕಿಲೋ ತಡೆಯುತ್ತೆ ಅಂತ ಹೋಟೆಲ್‌ನ ಎಂಜಿನಿಯರ್ ಬರೆದುಕೊಡಬೇಕು. ಕೊನೇ ಗಳಿಗೆಯಲ್ಲಿ "ಇಲ್ಲಿ ಬೇಡ, ಆ ಕೊಕ್ಕೆಗೆ ಹಾಕೋಣ" ಅಂದರೆ ಒಪ್ಪಬೇಡಿ. 1981ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್‌ನಲ್ಲಿ, ಲಾಬಿಯಲ್ಲಿ ನೃತ್ಯ ಕಾರ್ಯಕ್ರಮ ನಡೆಯುತ್ತಿದ್ದಾಗ, ಒಂದರ ಕೆಳಗೊಂದು ತೂಗುಹಾಕಿದ್ದ ಎರಡು ನಡೆದಾರಿ ಸೇತುವೆ ಕುಸಿದು 114 ಜನ ಸತ್ತರು. ಮೊದಲ ನಕ್ಷೆಯಲ್ಲಿ ಎರಡೂ ಸೇತುವೆ ಮೇಲಿಂದ ಕೆಳಗಿನ ತನಕ ಬರುವ ಅಖಂಡ ಸರಳುಗಳಿಗೆ ನೇತಾಡಬೇಕಿತ್ತು. ಆಮೇಲೆ ಪ್ರತಿ ಸರಳನ್ನು ಎರಡು ತುಂಡು ಮಾಡಿದರು. ಕೆಳಗಿನ ಸೇತುವೆ ಮೇಲಿನ ಸೇತುವೆಗೇ ಜೋತುಬಿತ್ತು, ಮೇಲಿನ ಜೋಡಣೆಯ ಮೇಲೆ ಭಾರ ಎರಡರಷ್ಟಾಯಿತು. ಕಾಗದದಲ್ಲಿ ಅದು ಚಿಕ್ಕ ಬದಲಾವಣೆ. ಸರಿಯಾದ ಕೊಕ್ಕೆ ಸಿಗದಿದ್ದರೆ ಪರದೆಯನ್ನು ನೆಲದ ಮೇಲೆ ಗಟ್ಟಿಯಾದ ಫ್ರೇಮ್‌ಗೆ ನಿಲ್ಲಿಸಿ, ಹಿಂದೆ ತೂಕ ಇಡಿಸಿ.

ಇನ್ನೊಬ್ಬ ಸದಸ್ಯರು: ಸರ್, ಬಫೆ ಟೇಬಲ್‌ನಲ್ಲಿ ಪಾತ್ರೆಗಳ ಕೆಳಗೆ ಉರಿಸುತ್ತಾರಲ್ಲ, ಅದರಿಂದ ಅಪಾಯ ಇದೆಯಾ?

ಉತ್ತರ: ಒಳ್ಳೇದು ಕೇಳಿದಿರಿ. ಸ್ಪಿರಿಟ್ ಅಥವಾ ಜೆಲ್‌ನ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಕಷ್ಟ. ಆರಿದೆ ಅಂದುಕೊಂಡು ಹುಡುಗರು ಕ್ಯಾನ್‌ನಿಂದ ಮತ್ತೆ ಸುರಿಯುತ್ತಾರೆ, ಬೆಂಕಿ ಕ್ಯಾನ್‌ಗೇ ಹತ್ತಿ ಚಿಮ್ಮುತ್ತೆ. ಟೇಬಲ್ ಹತ್ತಿರ ಯಾರೂ ತುಂಬಿಸಬಾರದು. ಮುಚ್ಚಳ ಹಾಕಿ ಆರಿಸಿ, ತೆಗೆದು, ಹೊಸ ಡಬ್ಬಿ ಇಡಬೇಕು. ಟೇಬಲ್ ಬಟ್ಟೆ ಇಳಿಬಿದ್ದಿದ್ದರೆ ಮೇಲಕ್ಕೆ ಮಡಚಿಸಿ. ಈಜುಕೊಳದ ಪಕ್ಕ ಲೈಟು, ಸ್ಪೀಕರ್ ಇಡುವವರಿದ್ದರೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇಲ್ಲದೆ ಕರೆಂಟ್ ಕೊಡಬೇಡಿ.

ಪ್ರಶ್ನೆ: ಸರ್, ಇವತ್ತು ಹೋಗಿ ನಡೆದು ನೋಡಿದೆ. ಮೂರರಲ್ಲಿ ಒಂದು ಬಾಗಿಲಿಗೆ ಬೀಗ. ಕೀಲಿ ಸೆಕ್ಯುರಿಟಿಯವರ ಹತ್ತಿರ ಇರುತ್ತೆ, ಬೇಕಾದಾಗ ತೆಗೆಯುತ್ತೇವೆ ಅಂದರು.

ಉತ್ತರ: ಒಪ್ಪಬೇಡಿ. ಹೊಗೆ ತುಂಬಿದಾಗ ಆ ಸೆಕ್ಯುರಿಟಿಯವರನ್ನು ಎಲ್ಲಿ ಹುಡುಕುತ್ತೀರಿ? ಒಳಗಿನಿಂದ ಕೀಲಿ ಇಲ್ಲದೆ ತಳ್ಳಿದರೆ ತೆರೆಯಬೇಕು. ಯಾರಾದರೂ ನುಸುಳುತ್ತಾರೆ ಅನ್ನುವ ಭಯ ಇದ್ದರೆ ಅಲ್ಲಿ ಒಬ್ಬರನ್ನು ನಿಲ್ಲಿಸಲಿ, ಇಲ್ಲವೇ ತೆರೆದ ಕೂಡಲೇ ಕೂಗುವ ಅಲಾರಂ ಹಾಕಲಿ. ನಾಳೆಯೇ ಮೇಲ್ ಹಾಕಿ ಕೇಳಿ. ಆಗಲ್ಲ ಅಂದರೆ ಅಡ್ವಾನ್ಸ್ ಹೋದರೂ ಸರಿ, ಹಾಲ್ ಬದಲಿಸಿ.