ಲೈಟ್ ಬ್ರಹ್ಮ ಶುದ್ಧ ತಳಿ: ಪ್ರದರ್ಶನಕ್ಕೆಂದು ಸಾಕಲು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೊಪ್ಪದ ತೋಟಗಾರ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪದ ಸಮೀಪದ ಅಡಿಕೆ ತೋಟ. ಮನೆಯಲ್ಲಿ ಮೊದಲಿನಿಂದಲೂ ನಾಟಿ ಕೋಳಿಗಳಿರುವುದರಿಂದ ಹೇಂಟೆಯನ್ನು ಕಾವಿಗೆ ಕೂರಿಸುವುದಾಗಲಿ, ಮರಿಗಳನ್ನು ಹದ್ದಿನಿಂದ ಕಾಯುವುದಾಗಲಿ ನನಗೆ ಹೊಸದಲ್ಲ. ಆದರೆ ಕಳೆದ ವರ್ಷ ಪರಿಚಿತರೊಬ್ಬರ ಮನೆಯಲ್ಲಿ ಲೈಟ್ ಬ್ರಹ್ಮ ಹುಂಜವೊಂದನ್ನು ನೋಡಿದಂದಿನಿಂದ, ಬಿಳಿ ಮೈ, ಕಪ್ಪು ಗೆರೆಗಳಿಳಿದ ಕುತ್ತಿಗೆ, ಕಾಲ್ಬೆರಳವರೆಗೂ ಪುಕ್ಕ ತುಂಬಿದ ಆ ತಳಿಯನ್ನು ಶುದ್ಧವಾಗಿ ಉಳಿಸಿಕೊಂಡು ಪ್ರದರ್ಶನಕ್ಕೆ ಒಯ್ಯುವಂತೆ ಬೆಳೆಸಬೇಕೆಂಬ ಆಸೆ ಹುಟ್ಟಿದೆ. ಮಾರಾಟಗಾರರೊಬ್ಬರು ಲೈಟ್ ಬ್ರಹ್ಮ, ಬಫ್ ಕೊಚಿನ್, ಪೋಲಿಷ್ ಕ್ಯಾಪ್, ಈ ಮೂರರಲ್ಲೂ ಎರಡು ತಿಂಗಳ ಒಂದೊಂದು ಜೋಡಿ ಕೊಡಲು ಒಪ್ಪಿದ್ದಾರೆ. ಮೂರನ್ನೂ ತರುವುದು ಸರಿಯೇ? ಅಷ್ಟು ಎಳೆಯ ವಯಸ್ಸಿನಲ್ಲಿ ಶುದ್ಧತೆಯನ್ನು ಗುರುತಿಸುವುದು ಹೇಗೆ? ನಮ್ಮ ಮಳೆಗೆ ಈ ತಳಿ ಒಗ್ಗುತ್ತದೆಯೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಉತ್ತರ: ದೊಡ್ಡಬಳ್ಳಾಪುರದ ಸಾಕಣೆಗಾರ

ಮೂರನ್ನೂ ತರಬೇಡಿ, ಒಂದನ್ನೇ ತನ್ನಿ. ನಾನು ಆರಂಭದಲ್ಲಿ ನಾಲ್ಕು ತಳಿಗಳನ್ನು ತಂದು, ಇದ್ದ ಜಾಗವನ್ನು ನಾಲ್ಕು ಪಾಲು ಮಾಡಿದ್ದರಿಂದ ಯಾವುದರಲ್ಲೂ ಆರಿಸಿ ಉಳಿಸಿಕೊಳ್ಳುವಷ್ಟು ಮರಿಗಳನ್ನು ಬೆಳೆಸಲಾಗಲಿಲ್ಲ. ಪ್ರದರ್ಶನದ ಕೋಳಿ ಸಿಗುವುದು ಆಯ್ಕೆಯಿಂದ. ಮೂವತ್ತು ಮರಿ ಬೆಳೆಸಿದರೆ ಮುಂದಿನ ಪೀಳಿಗೆಗೆ ಯೋಗ್ಯವಾದವು ಮೂರೋ ನಾಲ್ಕೋ ಇರುತ್ತವೆ.

ಕೊಳ್ಳುವ ಮೊದಲು ಮಾನದಂಡವನ್ನು, ಅಂದರೆ ಶುದ್ಧ ತಳಿಯ ಕೋಳಿ ಹೇಗಿರಬೇಕೆಂದು ಹೇಳುವ ವಿವರಣೆಯನ್ನು, ಓದಿ. ಬ್ರಹ್ಮಪುತ್ರಾ ನದಿಯ ಹೆಸರನ್ನು ಹೊತ್ತಿದ್ದರೂ ಈ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ, ಚೀನಾದ ಶಾಂಘೈ ಬಂದರಿನಿಂದ ಹಡಗಿನಲ್ಲಿ ಹೋದ ದೊಡ್ಡ ಕೋಳಿಗಳಿಂದ. ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ 1874ರಲ್ಲಿ ಪ್ರಕಟಿಸಿದ ಮೊದಲ ಮಾನದಂಡದಲ್ಲೇ ಬ್ರಹ್ಮ ಸೇರಿತ್ತು. ಆ ಸಂಸ್ಥೆಯ ಮಾನದಂಡದಂತೆ ಬಲಿತ ಲೈಟ್ ಬ್ರಹ್ಮ ಹುಂಜ ಸುಮಾರು 5.4 ಕಿಲೋ, ಹೇಂಟೆ ಸುಮಾರು 4.3 ಕಿಲೋ ತೂಗಬೇಕು. ನಮ್ಮಲ್ಲಿ ಬ್ರಹ್ಮ ಎಂದು ಮಾರಾಟವಾಗುವ ಎಷ್ಟೋ ಕೋಳಿಗಳು ಈ ತೂಕದ ಹತ್ತಿರಕ್ಕೂ ಬರುವುದಿಲ್ಲ, ಆದ್ದರಿಂದ ತಕ್ಕಡಿಯಿಲ್ಲದೆ ವ್ಯಾಪಾರಕ್ಕೆ ಹೋಗಬೇಡಿ.

ಎರಡು ತಿಂಗಳ ಮರಿಯಲ್ಲಿ ಜುಟ್ಟು, ಕಾಲಿನ ಬಣ್ಣ ಮತ್ತು ಬೆರಳ ಪುಕ್ಕವನ್ನು ಮಾತ್ರ ನೋಡಬಹುದು. ಬ್ರಹ್ಮಕ್ಕೆ ಮೂರು ಸಾಲು ಗುಬುಟುಗಳಿರುವ, ತಲೆಗೆ ಅಂಟಿಕೊಂಡ ಬಟಾಣಿ ಜುಟ್ಟು ಇರಬೇಕು. ಕಾಲು ಹಳದಿಯಾಗಿದ್ದು, ಹೊರಬೆರಳಿನ ಜೊತೆಗೆ ನಡುಬೆರಳಿನಲ್ಲಿಯೂ ಪುಕ್ಕ ಇರಬೇಕು. ಮರಿಯನ್ನು ಅಂಗೈ ಮೇಲೆ ಮಲಗಿಸಿ ನಡುಬೆರಳನ್ನು ಬಿಡಿಸಿ ನೋಡಿ, ಅಲ್ಲಿ ಬೋಳಾಗಿದ್ದರೆ ಬೇರೆ ರಕ್ತ ಸೇರಿರುವ ಸಂಶಯ ಸಹಜ. ಮೈಕಟ್ಟು, ಬೆನ್ನಿನ ಅಗಲ, ಕುತ್ತಿಗೆಯ ಗರಿಯಲ್ಲಿ ಕಪ್ಪು ನಡುಗೆರೆಗೆ ಬಿಳಿ ಅಂಚು ಸ್ಪಷ್ಟವಾಗಿದೆಯೇ ಎಂಬುದೆಲ್ಲ ತಿಳಿಯಲು ಎಂಟು ಹತ್ತು ತಿಂಗಳಾದರೂ ಬೇಕು, ಏಕೆಂದರೆ ಇದು ನಿಧಾನವಾಗಿ ಬೆಳೆಯುವ ತಳಿ. ಮೂರು ಜೋಡಿ ಮರಿಗಳಿಗೆ ಕೊಡುವ ಹಣದಲ್ಲಿ ಒಂದು ಒಳ್ಳೆಯ ಹುಂಜ ಮತ್ತು ಎರಡು ಹೇಂಟೆಗಳನ್ನು, ಸಾಧ್ಯವಾದರೆ ಅವುಗಳ ತಂದೆ ತಾಯಿಯನ್ನೂ ಕಣ್ಣಾರೆ ನೋಡಿ ತನ್ನಿ.

ಉತ್ತರ: ಸಾಗರದ ಗೃಹಿಣಿ

ಮಳೆಯ ಬಗ್ಗೆ ನಾನು ಹೇಳಬಲ್ಲೆ, ಏಕೆಂದರೆ ನಮ್ಮಲ್ಲಿಯೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳ ಒಣಗುವುದಿಲ್ಲ. ಬ್ರಹ್ಮ ಚಳಿಗೆ ಅಂಜುವ ಕೋಳಿಯಲ್ಲ, ಅದಕ್ಕೆ ಶತ್ರು ಕೆಸರು. ಬೆರಳ ಪುಕ್ಕಕ್ಕೆ ಹಿಡಿದ ಮಣ್ಣು ಮತ್ತು ಹಿಕ್ಕೆ ಒಣಗಿ ಗೋಲಿಯಂತೆ ಗಟ್ಟಿಯಾದಾಗ, ಅದನ್ನು ಕಿತ್ತರೆ ಪುಕ್ಕದೊಂದಿಗೆ ಚರ್ಮವೂ ಬರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲು ನೆನೆಸಿ, ಬೆರಳಿನಿಂದಲೇ ನಿಧಾನವಾಗಿ ಕರಗಿಸಿ, ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಪುಕ್ಕದ ಕೆಳಗೆ ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದು ಹುಳದ ಕಾಟ. ತಡಮಾಡದೆ ಪಶುವೈದ್ಯರಿಗೆ ತೋರಿಸಿ.

ಗೂಡಿನ ನೆಲವನ್ನು ಅಂಗಳಕ್ಕಿಂತ ಎತ್ತರಿಸಿ, ಭತ್ತದ ಹೊಟ್ಟನ್ನು ದಪ್ಪವಾಗಿ ಹರಡಿ, ತೇವವಾದ ಕಡೆ ಅಂದಂದೇ ಬದಲಿಸಿ. ಕೂರುವ ಕೋಲು ಒಂದು ಅಡಿಗಿಂತ ಎತ್ತರ ಬೇಡ, ಐದು ಕಿಲೋ ತೂಕದ ಹುಂಜ ಮೇಲಿನಿಂದ ಧುಮುಕಿದರೆ ಪಾದದಡಿ ಗಾಯವಾಗಿ ಕೀವು ತುಂಬುತ್ತದೆ. ಹೊರಗಿನಿಂದ ಬಂದ ಕೋಳಿಯನ್ನು, ಪ್ರದರ್ಶನದಿಂದ ಮರಳಿದ ನಿಮ್ಮದೇ ಕೋಳಿಯನ್ನೂ, ಒಂದು ತಿಂಗಳು ದೂರದಲ್ಲಿಡಿ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಯನ್ನು ನಾಟಿ ಕೋಳಿಗಳಿಗೂ ಹಾಕಿಸಿ, ಏಕೆಂದರೆ ರೋಗ ಮೊದಲು ಹೊಕ್ಕುವುದು ಹೊರಗೆ ಅಡ್ಡಾಡುವ ಹಿಂಡಿಗೆ.

ಉತ್ತರ: ದೊಡ್ಡಬಳ್ಳಾಪುರದ ಸಾಕಣೆಗಾರ

ಸಾಗರದ ಅಕ್ಕನವರು ಹೇಳಿದ್ದು ಅಕ್ಷರಶಃ ಸರಿ. ಜೋಡಿ ಕಟ್ಟುವ ವಿಷಯ ಬಾಕಿಯಿತ್ತು. ಹೇಂಟೆಯ ದೇಹದಲ್ಲಿ ಹುಂಜದ ವೀರ್ಯ ಎರಡರಿಂದ ಮೂರು ವಾರ ಜೀವಂತವಾಗಿ ಉಳಿಯುತ್ತದೆ. ಆದ್ದರಿಂದ ನಾಟಿ ಹುಂಜದೊಂದಿಗೆ ತಿರುಗಿದ ಬ್ರಹ್ಮ ಹೇಂಟೆಯನ್ನು ಮೂರು ವಾರ ಬೇರೆ ಇಟ್ಟ ನಂತರದ ಮೊಟ್ಟೆಗಳನ್ನಷ್ಟೇ ತಳಿಗೆಂದು ನಂಬಬೇಕು. ಮೊಟ್ಟೆ ಫಲ ಕಟ್ಟದಿದ್ದರೆ, ಹುಂಜ ಹೇಂಟೆ ಎರಡರದೂ ಹಿಂಭಾಗದ ದಟ್ಟ ತುಪ್ಪುಳವನ್ನು ಕತ್ತರಿಯಿಂದ ತುಸು ಕತ್ತರಿಸಿ.

ಪ್ರತಿ ಮೊಟ್ಟೆಯ ಮೇಲೆ ತಾಯಿಯ ಸಂಖ್ಯೆ ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯಿರಿ. ಕಾಲಿನ ಉಂಗುರ ಈ ತಳಿಗೆ ಆಗಿಬರುವುದಿಲ್ಲ, ಪುಕ್ಕದಲ್ಲಿ ಮುಚ್ಚಿಹೋಗಿ, ಕಾಲು ದಪ್ಪವಾಗುತ್ತ ಹೋದಾಗ ಕಣ್ಣಿಗೆ ಬೀಳದೆಯೇ ಬಿಗಿಯುತ್ತದೆ. ರೆಕ್ಕೆಯ ಪಟ್ಟಿಯೇ ಒಳ್ಳೆಯದು. ಮರಿಗಳಲ್ಲಿ ಯಾವುದಾದರೂ ಒಂಟಿ ಜುಟ್ಟಿನದು ಹುಟ್ಟಿದರೆ ತಂದೆ ತಾಯಿ ಇಬ್ಬರಲ್ಲಿಯೂ ಆ ಗುಣ ಅಡಗಿದೆ ಎಂದು ತಿಳಿಯಬೇಕು, ಏಕೆಂದರೆ ಬಟಾಣಿ ಜುಟ್ಟು ಒಂಟಿ ಜುಟ್ಟನ್ನು ಮರೆಮಾಡುವ ಗುಣ. ಈ ಒಂದು ಮಾಹಿತಿಗಾಗಿಯೇ ಯಾವ ಮರಿ ಯಾವ ಜೋಡಿಯದೆಂದು ಬರೆದಿಡುವ ಪುಸ್ತಕ ಇಡುವುದು ಸಾರ್ಥಕ.

ಕೊಪ್ಪದ ತೋಟಗಾರ

ಇಬ್ಬರಿಗೂ ಕೃತಜ್ಞತೆಗಳು. ಮಾರಾಟಗಾರರಿಗೆ ಬೇಡವೆಂದು ತಿಳಿಸಿದ್ದೇನೆ. ಮಳೆಗಾಲ ಮುಗಿದ ಮೇಲೆ ಬ್ರಹ್ಮವೊಂದನ್ನೇ, ಬೆಳೆದ ಕೋಳಿಗಳನ್ನೇ ತರುತ್ತೇನೆ. ಕೊನೆಯದಾಗಿ, ಬ್ರಹ್ಮದ ಮೊಟ್ಟೆಗಳನ್ನು ನಮ್ಮ ನಾಟಿ ಹೇಂಟೆಯ ಕೆಳಗೆ ಇಡಬಹುದೇ?

ಸಾಗರದ ಗೃಹಿಣಿ

ಧಾರಾಳವಾಗಿ ಇಡಿ. ಬ್ರಹ್ಮ ಹೇಂಟೆಯೂ ಕಾವಿಗೆ ಕೂರುತ್ತದೆ, ಆದರೆ ಅದರ ಭಾರಕ್ಕೆ ಮೊಟ್ಟೆ ಒಡೆದು ನಾನು ಕಳೆದುಕೊಂಡದ್ದುಂಟು. ಒಂದು ವಾರದೊಳಗಿನ ಎಂಟು ಮೊಟ್ಟೆ ಸಾಕು, ಇಪ್ಪತ್ತೊಂದನೆಯ ದಿನ ಮರಿ ಬರುತ್ತವೆ. ನಾಟಿ ಮೊಟ್ಟೆಯನ್ನು ಮಾತ್ರ ಅದೇ ಬುಟ್ಟಿಯಲ್ಲಿ ಸೇರಿಸಬೇಡಿ, ಮತ್ತು ಮರಿಗಳು ಕಾವಿನ ಬುಟ್ಟಿಯಿಂದ ಇಳಿಯುವ ಮೊದಲೇ ಗುರುತು ಹಾಕಿ.