ಹಳೇ ಮೆಟಲ್ ಡಿಟೆಕ್ಟರ್: ಮೊಳೆಗೆ ಕೂಗಿದರೆ ಸಾಕಾ?

ಪ್ರಶ್ನೆ: ನಮಸ್ಕಾರ ಅಣ್ಣಾ. ಬ್ಯಾಡಗಿಯಲ್ಲಿ ನಮ್ಮದು ಸಣ್ಣ ಖಾರಪುಡಿ ಘಟಕ. ಮೆಟಲ್ ಡಿಟೆಕ್ಟರ್ ಇಲ್ಲದಿದ್ದರೆ ಮಾಲು ತಗೊಳ್ಳಲ್ಲ ಅಂತ ಹೊಸ ಗಿರಾಕಿ ಹೇಳಿದ್ದಾರೆ. ಹುಬ್ಬಳ್ಳಿ ತಾರಿಹಾಳದಲ್ಲಿ ಒಂದು ಹಳೇ ಬೆಲ್ಟ್ ಡಿಟೆಕ್ಟರ್ ಮಾರಾಟಕ್ಕಿದೆ. ಮೊಳೆ ಇಟ್ಟು ತೋರಿಸಿದರು, ತಕ್ಷಣ ಕೂಗಿತು. ತಗೋಬಹುದಾ? ನಮ್ಮವು 100 ಮತ್ತು 500 ಗ್ರಾಂ ಪ್ಯಾಕೆಟ್.

ಉತ್ತರ: ಅಕ್ಕಾ, ಮೊಳೆಗೆ ಎಂಥ ಮಷಿನ್ ಆದರೂ ಕೂಗುತ್ತದೆ. ಅದನ್ನು ನೋಡಿ ಮುಂಗಡ ಕೊಡಬೇಡಿ. ಖಾರಪುಡಿಗೆ ಬೀಳೋದು ಜರಡಿಯ ಸ್ಟೀಲ್ ತಂತಿಯ ತುಣುಕು, ಪಲ್ವರೈಸರ್ (ಪುಡಿ ಮಾಡೋ ಮಷಿನ್) ಒಳಗೆ ಸವೆದ ಚೂರು. ಕಬ್ಬಿಣವಾದರೆ ಮ್ಯಾಗ್ನೆಟ್ಟೇ ಹಿಡಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮ್ಯಾಗ್ನೆಟ್ಟಿಗೆ ಸಿಗೋದು ಕಷ್ಟ, ಡಿಟೆಕ್ಟರ್‌ಗೂ ಎಲ್ಲಕ್ಕಿಂತ ಕಷ್ಟ ಅದೇ. ಹಾಗಾಗಿ ಪರೀಕ್ಷೆ ಅದರಲ್ಲೇ ಮಾಡಬೇಕು.

ಕಬ್ಬಿಣ, ಹಿತ್ತಾಳೆ, ಸ್ಟೇನ್‌ಲೆಸ್ 316 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ), ಈ ಮೂರರ ಟೆಸ್ಟ್ ಪೀಸ್, ಅಂದರೆ ಒಳಗೆ ಲೋಹದ ಚಿಕ್ಕ ಗುಂಡು ಇರೋ ಪರೀಕ್ಷೆಯ ತುಂಡು ಕೇಳಿ. ಒಳಗಿನ ಗುಂಡಿನ ಅಳತೆ ಅದರ ಮೇಲೇ ಇರುತ್ತದೆ. ಪ್ಯಾಕೆಟ್ ಬೆಲ್ಟ್ ಮೇಲೆ ತೂರಿ ಹೋಗೋ ಜಾಗಕ್ಕೆ ಕಿಂಡಿ ಅಂತಾರೆ. ಚಿಕ್ಕ ಕಿಂಡಿಯ ಒಳ್ಳೆ ಮಷಿನ್ ಕಬ್ಬಿಣ 1 ಮಿ.ಮೀ., ಸ್ಟೇನ್‌ಲೆಸ್ 2 ಮಿ.ಮೀ. ಆಸುಪಾಸು ಹಿಡಿಯಬೇಕು. ಕಿಂಡಿ ದೊಡ್ಡದಾದಷ್ಟೂ ಸೂಕ್ಷ್ಮತೆ ಕಮ್ಮಿ. ದೊಡ್ಡ ಪೆಟ್ಟಿಗೆಗೆ ಮಾಡಿದ ಮಷಿನ್ ನಿಮ್ಮ 100 ಗ್ರಾಂ ಪ್ಯಾಕೆಟ್ಟಿಗೆ ದಂಡ.

ನಿಮ್ಮದೇ ತುಂಬಿದ ಪ್ಯಾಕೆಟ್ ಒಯ್ಯಿರಿ. ಮೊದಲು ಬರೀ ಪ್ಯಾಕೆಟ್ ಓಡಿಸಿ, ಸುಮ್ನೆ ಕೂಗುತ್ತಾ ನೋಡಿ. ಆಮೇಲೆ ಸೆಟ್ಟಿಂಗ್ ಮುಟ್ಟದೆ ಟೆಸ್ಟ್ ಪೀಸ್ ಜೊತೆ ಓಡಿಸಿ. ಪೀಸ್ ಕಿಂಡಿಯ ನಟ್ಟನಡುವೆ ಹಾದುಹೋಗಬೇಕು, ಮಷಿನ್ ಹಿಡಿತ ಅಲ್ಲೇ ಎಲ್ಲಕ್ಕಿಂತ ಕಮ್ಮಿ. ಮಾರುವವರು ಬೆಲ್ಟಿನ ಅಂಚಿಗೆ ಇಟ್ಟು ತೋರಿಸಿದರೆ ಒಪ್ಪಬೇಡಿ. ಜರಡಿ ತಂತಿಯ ತುಣುಕನ್ನೂ ಉದ್ದಕ್ಕೆ, ಅಡ್ಡಕ್ಕೆ ಎರಡೂ ರೀತಿ ಇಟ್ಟು ನೋಡಿ. ಒಂದು ಕಡೆ ಸಿಕ್ಕಿದ್ದು ಇನ್ನೊಂದು ಕಡೆ ತಪ್ಪಿಸಿಕೊಳ್ಳುತ್ತದೆ.

ಕಿಂಡಿಯ ಸುತ್ತ ಇರೋ ಪೆಟ್ಟಿಗೆಯೇ ಹೆಡ್. ಅದರೊಳಗೆ ಒಂದು ಕಾಯಿಲ್ (ತಂತಿಯ ಸುರುಳಿ) ಸಿಗ್ನಲ್ ಬಿಡುತ್ತದೆ, ಅದರ ಎರಡೂ ಪಕ್ಕದ ಕಾಯಿಲ್‌ಗಳು ಹಿಡಿಯುತ್ತವೆ. ಒಂಚೂರು ಅಲುಗಿದರೂ ಬ್ಯಾಲೆನ್ಸ್ ಹೋಗುತ್ತದೆ. ಹೆಡ್ಡಿನಲ್ಲಿ ಬಿರುಕು, ನೀರಿನ ಕಲೆ ಇದ್ದರೆ ಬಿಟ್ಟುಬಿಡಿ. ಬೆಲ್ಟ್, ಬೇರಿಂಗ್ ಬದಲಿಸಬಹುದು. ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸಿಗುತ್ತಾ ಅಂತ ಮಾತ್ರ ಮೊದಲೇ ವಿಚಾರಿಸಿ.

ಪ್ರಶ್ನೆ: ಅಣ್ಣಾ, ನಮ್ಮ 500 ಗ್ರಾಂ ಪ್ಯಾಕೆಟ್ಟಿನ ಒಳಪದರ ಬೆಳ್ಳಿ ಬಣ್ಣ. ತೊಂದರೆ ಇಲ್ಲ ಅಲ್ವಾ?

ಉತ್ತರ: ಇದೇ ಮುಖ್ಯ ಅಕ್ಕಾ. ಅದು ಅಲ್ಯುಮಿನಿಯಂ ಫಾಯಿಲ್ ಆಗಿದ್ದರೆ ಇಡೀ ಪ್ಯಾಕೆಟ್ಟೇ ಲೋಹ, ಈ ಮಷಿನ್ ಪ್ರತಿ ಪ್ಯಾಕೆಟ್ಟಿಗೂ ಕೂಗುತ್ತದೆ. ತೆಳು ಲೋಹದ ಲೇಪದ ಫಿಲ್ಮ್ ಆದರೆ ಹಾದುಹೋಗಬಹುದು, ಆದರೆ ಸೂಕ್ಷ್ಮತೆ ತಗ್ಗಿಸಬೇಕಾಗುತ್ತದೆ. ಪ್ಯಾಕಿಂಗ್ ರೋಲ್ ಕೊಡುವವರನ್ನು ಇವತ್ತೇ ಕೇಳಿ. ಫಾಯಿಲ್ ಅಂದರೆ ತಾರಿಹಾಳದ ಮಷಿನ್ ಬೇಡ. ಪುಡಿ ಪೈಪಿನಲ್ಲಿ ಬೀಳುವಾಗಲೇ, ತುಂಬುವ ಮುಂಚೆ ಹಿಡಿಯುವ ಡಿಟೆಕ್ಟರ್ ಹುಡುಕಿ.