ಸಿ ಡ್ರೈವ್ ಕುಗ್ಗಿಸಿ 80 ಜಿಬಿ ಬಿಡಿಸಿದೆ, ಲಿನಕ್ಸ್‌ಗೆ ಸೇರಿಸೋಕೆ ಆಗ್ತಿಲ್ಲ. ಮಾಡಿದ ಅನುಭವ ಇದ್ದೋರು ಹೇಳಿ

ಅರ್ಧಡಿಸ್ಕ್:
512 ಜಿಬಿ ಎಸ್‌ಎಸ್‌ಡಿ. ಮೊದಲೇ ವಿಂಡೋಸ್ 11 ಇತ್ತು, ಆಮೇಲೆ ಪಕ್ಕದಲ್ಲಿ ಲಿನಕ್ಸ್ ಹಾಕಿಕೊಂಡೆ. ಈಗ ಲಿನಕ್ಸ್ ರೂಟ್ (ಲಿನಕ್ಸ್ ಕೂತಿರೋ ಮುಖ್ಯ ಭಾಗ) ತುಂಬಿ ಅಪ್‌ಡೇಟ್ ಕೂಡ ಇಳೀತಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಸಿ ಕುಗ್ಗಿಸಿ 80 ಜಿಬಿ ಖಾಲಿ ಮಾಡಿದೆ. ಎಡದಿಂದ ಪಾರ್ಟಿಷನ್‌ಗಳ (ಡಿಸ್ಕಿನ ಭಾಗಗಳ) ಸಾಲು ಹೀಗಿದೆ: ಇಎಫ್ಐ (ಬೂಟ್ ಫೈಲ್‌ಗಳ ಜಾಗ) 100 ಎಂಬಿ, ಎಂಎಸ್ಆರ್ (ವಿಂಡೋಸ್ ಕಾದಿಟ್ಟ ಜಾಗ) 16 ಎಂಬಿ, ಸಿ ಡ್ರೈವ್, ಖಾಲಿ 80 ಜಿಬಿ, ವಿಂಡೋಸ್ ರಿಕವರಿ (ವಿಂಡೋಸ್ ಕೆಟ್ಟಾಗಿನ ರಿಪೇರಿಗೆ) ಸುಮಾರು 700 ಎಂಬಿ, ಲಿನಕ್ಸ್ ರೂಟ್ 60 ಜಿಬಿ, ಸ್ವಾಪ್ (ಮೆಮೊರಿ ಸಾಲದಾಗ ಲಿನಕ್ಸ್ ಬಳಸೋ ಜಾಗ) 8 ಜಿಬಿ. ಖಾಲಿ ಜಾಗಕ್ಕೂ ರೂಟ್‌ಗೂ ನಡುವೆ ರಿಕವರಿ ಕೂತುಬಿಟ್ಟಿದೆ. ಪಾರ್ಟಿಷನ್ ಬದಲಿಸೋ ಟೂಲ್ ಜಿಪಾರ್ಟೆಡ್ ತೆಗೆದರೆ ರೂಟ್ ಪಕ್ಕ ಬೀಗದ ಗುರುತು. ರಿಕವರಿ ಅಳಿಸಬಹುದಾ? ಇಲ್ಲ, ಎಲ್ಲ ಒರೆಸಿ ಹೊಸದಾಗಿ ಹಾಕಬೇಕಾ?

ನಾಲ್ಕೇ_ಪ್ರೈಮರಿ:
ನಿಮ್ಮದು ಜಿಪಿಟಿ (ಪಾರ್ಟಿಷನ್ ಪಟ್ಟಿ ಇಡೋ ಹೊಸ ವಿಧಾನ) ಡಿಸ್ಕ್, 128 ಪಾರ್ಟಿಷನ್‌ವರೆಗೆ ಜಾಗ ಇದೆ, ಪುಣ್ಯವಂತರು. ನಾನು ಅದಕ್ಕೂ ಹಳೇ ವಿಧಾನದ, ಎಂಬಿಆರ್ ಕಾಲದವನು. ನಾಲ್ಕು ಪ್ರೈಮರಿ, ಮುಗೀತು. ನಾಲ್ಕನ್ನೂ ಕಂಪ್ಯೂಟರ್ ಮಾಡಿದವರೇ ತುಂಬಿಸಿ ಕಳಿಸಿದ್ದರು: ಸಿಸ್ಟಮ್ ರಿಸರ್ವ್ಡ್, ಸಿ, ರಿಕವರಿ, ಮತ್ತೆ ಯಾರಿಗೂ ಬೇಡದ ಅವರದೇ ಟೂಲ್ಸ್. ಸಿ ಕುಗ್ಗಿಸಿ ಐದನೆಯದು ಮಾಡೋಕೆ ಹೋದರೆ, ಡಿಸ್ಕನ್ನು ಡೈನಮಿಕ್ (ವಿಂಡೋಸ್‌ನದೇ ಬೇರೆ ವ್ಯವಸ್ಥೆ) ಆಗಿ ಬದಲಾಯಿಸ್ತೀನಿ ಅಂತ ಒಂದು ಬಾಕ್ಸ್ ಬಂತು. ಕೆಳಗೆ ಎರಡು ಬಟನ್. ಯಾರಾದರೂ ಯೆಸ್‌ನೇ ಒತ್ತುತ್ತಿದ್ದರು, ಈಗ ಬುದ್ಧಿ ಹೇಳೋಕೆ ಬರಬೇಡಿ. ಆಮೇಲೆ ನೋಡಿದರೆ ಪಾರ್ಟಿಷನ್‌ಗಳ ವಿಧ 42 ಅಂತ ಆಗಿದೆ, ಲಿನಕ್ಸ್ ಇನ್‌ಸ್ಟಾಲರ್ ಅದನ್ನು ಮುಟ್ಟಲ್ಲ ಅಂತು. ಬೇಸಿಕ್‌ಗೆ, ಅಂದರೆ ಮಾಮೂಲಿ ವ್ಯವಸ್ಥೆಗೆ, ವಾಪಸ್ ಬರೋಕೆ ವಿಂಡೋಸ್ ತೋರಿಸುವ ದಾರಿ ಒಂದೇ, ಎಲ್ಲ ವಾಲ್ಯೂಮ್ ಅಳಿಸೋದು! ಯುಎಸ್‌ಬಿ 2.0 ಹೊರ ಡಿಸ್ಕಿಗೆ ಕಾಪಿ ಹಾಕಿ ಕೂತೆ. ಸಣ್ಣ ಸಣ್ಣ ಫೋಟೋ ಫೈಲ್‌ಗಳು ಬಂದ ಕೂಡಲೇ ವೇಗ ಬಿದ್ದುಹೋಗೋದು. ಹೆಸರು ಉದ್ದವಾಯಿತು ಅಂತ ಒಂದು ಫೋಲ್ಡರ್ ಪೂರ್ತಿ ಬಿಟ್ಟುಹೋಯಿತು, ಅದರಲ್ಲೇ ಆಫೀಸಿನ ಲೆಕ್ಕದ ಫೈಲ್‌ಗಳು. ಕೊನೆಗೆ ಡಿಸ್ಕ್ ಒರೆಸಿ, ಎರಡು ಪ್ರೈಮರಿ, ಒಂದು ಎಕ್ಸ್‌ಟೆಂಡೆಡ್ (ಒಳಗೆ ಬೇರೆ ಪಾರ್ಟಿಷನ್ ಹಿಡಿಯೋದು), ಅದರೊಳಗೆ ಲಾಜಿಕಲ್ ಅಂತ ಕೈಯಾರೆ ಕಟ್ಟಿದೆ. ಅದು ಇವತ್ತಿಗೂ ಓಡ್ತಿದೆ.

ಎರಡು_ಡಿಸ್ಕ್_ಸುಖ:
ಒಂದು ಡಿಸ್ಕಲ್ಲಿ ಎರಡು ಓಎಸ್ ಅಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ. ನಾನು ಆ ಗೋಳೇ ಬೇಡ ಅಂತ ಎರಡನೇ ಎಸ್‌ಎಸ್‌ಡಿ ಹಾಕಿಸಿದೆ. ಆದರೆ ಅಲ್ಲೂ ಒಂದು ಕಿತಾಪತಿ ಇದೆ, ಯಾರೂ ಹೇಳಲ್ಲ. ಒಂದು ಡಿಸ್ಕಲ್ಲಿ ಮೊದಲೇ ಇಎಫ್ಐ ಪಾರ್ಟಿಷನ್ ಇದ್ದರೆ, ಇನ್ನೊಂದು ಡಿಸ್ಕಿಗೆ ವಿಂಡೋಸ್ ಹಾಕುವಾಗ ಬೂಟ್ ಫೈಲ್‌ಗಳನ್ನು ಹಳೇ ಇಎಫ್ಐ ಒಳಗೇ ಇಟ್ಟುಬಿಡಬಹುದು. ನನಗೆ ಹಾಗೇ ಆಯಿತು. ಹಳೇ ಡಿಸ್ಕ್ ತೆಗೆದು ಬೇರೆಯವರಿಗೆ ಕೊಟ್ಟ ದಿನ ಹೊಸ ಡಿಸ್ಕಿನ ವಿಂಡೋಸ್ ಏಳಲೇ ಇಲ್ಲ. ರಿಪೇರಿಯವರು ಮದರ್‌ಬೋರ್ಡ್ ಹೋಗಿದೆ ಅಂದರು, ನೋಡಿದ್ದಕ್ಕೇ ದುಡ್ಡೂ ತಗೊಂಡರು. ನಾನೇ ಇನ್‌ಸ್ಟಾಲ್ ಪೆನ್‌ಡ್ರೈವ್ ಹಾಕಿ, ಡಿಸ್ಕ್‌ಪಾರ್ಟ್ ಕಮಾಂಡ್‌ನಲ್ಲಿ 100 ಎಂಬಿಯ ಹೊಸ ಇಎಫ್ಐ (ಫ್ಯಾಟ್32) ಮಾಡಿ, ಬೂಟ್ ಫೈಲ್ ಬರೆಯೋ ಬಿಸಿಡಿಬೂಟ್ ಓಡಿಸಿ ಎಬ್ಬಿಸಿದೆ. ಇನ್‌ಸ್ಟಾಲ್ ಮಾಡುವಾಗ ಇನ್ನೊಂದು ಡಿಸ್ಕನ್ನು ಕಳಚಿಡಿ, ಅದೊಂದೇ ನೆಮ್ಮದಿ.

ನಾಲ್ಕೇ_ಪ್ರೈಮರಿ:
ಲ್ಯಾಪ್‌ಟಾಪಲ್ಲಿ ಎರಡನೇ ಸ್ಲಾಟ್ ಎಲ್ಲರಿಗೂ ಇರುತ್ತಾ ಸ್ವಾಮಿ? ದುಡ್ಡಿದ್ದೋರ ಪರಿಹಾರ.

ಎರಡು_ಡಿಸ್ಕ್_ಸುಖ:
ಡೈನಮಿಕ್ ಡಿಸ್ಕಿಗೆ ಯೆಸ್ ಒತ್ತಿದೋರು ನನಗೆ ದುಡ್ಡಿನ ಲೆಕ್ಕ ಹೇಳಬೇಡಿ.

ಜಿಪಾರ್ಟೆಡ್_ಜಟ್ಟಿ:
ಇಬ್ಬರೂ ಸುಮ್ಕಿರ್ರಿ. ನಂದೂ ಇದ ಪರಿಸ್ಥಿತಿ ಇತ್ತು, ನಡುವ ರಿಕವರಿ. ಲೈವ್ ಪೆನ್‌ಡ್ರೈವ್‌ನಿಂದ (ಪೆನ್‌ಡ್ರೈವ್‌ನಾಗ ಓಡೋ ಲಿನಕ್ಸ್) ಬೂಟ್ ಮಾಡಿ ಮೊದಲ ರಿಕವರಿ, ಆಮ್ಯಾಲ ರೂಟ್ ಎಡಕ್ಕ ಸರಿಸಿದೆ. ಓಡೋ ರೂಟ್‌ನ ಬಲಕ್ಕ ಹಿಗ್ಗಿಸಬಹುದು, ಎಡಕ್ಕ ಸರಿಸಾಕ ಬರಂಗಿಲ್ಲ, ಅದಕ್ಕ ಬೀಗ ತೋರಸ್ತತಿ. ಎಡಕ್ಕ ಸರಿಸೋದು ಅಂದ್ರ ಬರೇ ಗೆರಿ ಸರಿಸೋದಲ್ಲ, ಒಳಗಿನ ಒಂದೊಂದು ಬ್ಲಾಕೂ ಕಾಪಿ ಆಗಬೇಕು. ಅರ್ಧಕ್ಕ ಕರೆಂಟ್ ಹೋದ್ರ ಅರ್ಧ ಹಳೇ ಜಾಗಾದಾಗ, ಅರ್ಧ ಹೊಸಾ ಜಾಗಾದಾಗ. ನನ್ನ ಲ್ಯಾಪ್‌ಟಾಪ್ ಬ್ಯಾಟರಿ ಮೊದಲ ಸತ್ತಿತ್ತು. ಪಟ್ಟಿ ಒಂದ ಕಡೆ ನಿಂತಂಗ ಕಾಣಸ್ತಿತ್ತು, ಉಳಿದಿರೋ ಸಮಯ ಒಮ್ಮೆ ಇಳಿಯೋದು, ಮತ್ತ ಏರೋದು. ನೀರು ಕುಡ್ಯಾಕೂ ಏಳಲಿಲ್ಲ, ಯಾರರ ವೈರಿಗೆ ಕಾಲು ತಾಗಸ್ತಾರಂತ. ಆತು, ಸುರಕ್ಷಿತ ಆತು. ಆದ್ರ ಸ್ವಾಪ್ ಅಳಿಸಿ ಹೊಸಾದು ಮಾಡಿದ್ದೆ, ಅದರ ಯುಯುಐಡಿ (ಗುರುತಿನ ನಂಬರ) ಬದಲಾತು. ಬೂಟ್ ಆಗೋವಾಗ ಯಾವ ಪಾರ್ಟಿಷನ್ ಜೋಡಸಬೇಕಂತ ಬರದಿರೋ ಎಫ್‌ಎಸ್‌ಟ್ಯಾಬ್ ಫೈಲ್‌ನಾಗ ಹಳೇದ ಇತ್ತು. ಪ್ರತಿ ಬೂಟ್‌ಗೂ 90 ಸೆಕೆಂಡ್ ಕಾಯಿಸೋದು, ಸಿಗದ ಇದ್ದ ಸ್ವಾಪ್‌ಗೆ. ನಾ ಎಸ್‌ಎಸ್‌ಡಿನ ಕೆಟ್ಟತಿ ಅಂತ ತಿಳಕೊಂಡು ಹೊಸಾದಕ್ಕ ರೊಕ್ಕಾ ಜೋಡಸಾಕ ಹತ್ತಿದ್ದೆ. ಬಿಎಲ್‌ಕೆಐಡಿ ಕಮಾಂಡ್ ಹಾಕಿ ನೋಡಿ ಹೊಸಾ ನಂಬರ ಎಫ್‌ಎಸ್‌ಟ್ಯಾಬ್‌ನಾಗ ಬರದ ಮ್ಯಾಲ ಪಟ್ಟನ ಬೂಟ್ ಆತು.

ಚಿಕ್ಕಉತ್ತರ:
ಏನೂ ಸರಿಸಬೇಡಿ. ಆ 80 ಜಿಬಿಯಲ್ಲಿ ಹೊಸ ಇಎಕ್ಸ್‌ಟಿ4 (ಲಿನಕ್ಸ್ ಬಳಸೋ ಬಗೆಯ) ಪಾರ್ಟಿಷನ್ ಮಾಡಿ, ಹೋಮ್ (ನಿಮ್ಮ ಫೈಲ್‌ಗಳಿರೋ ಫೋಲ್ಡರ್) ಅಲ್ಲಿಗೆ ಸಾಗಿಸಿ, ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು ಸೇರಿಸಿ. ಕೆಲಸ ಮುಗೀತು.

ಜಿಪಾರ್ಟೆಡ್_ಜಟ್ಟಿ:
ಹಂಗಾರ ಅವರು ರೂಟ್ ತುಂಬೈತಿ ಅಂದಾರಲ್ರಿ? ತುಂಬಿದ್ದು ಹೋಮ್‌ನಿಂದೋ ಬ್ಯಾರೆದರಿಂದೋ ನಿಮಗೆಂಗ ಗೊತ್ತು?

ನೀಲಿಪರದೆ:
ಯಾರೂ ಡಿಸ್ಕಿಗೆ ಬೀಗ ಹಾಕೋ ಬಿಟ್‌ಲಾಕರ್ ಬಗ್ಗೆ ಮಾತಾಡ್ತಿಲ್ವಲ್ಲ! ವಿಂಡೋಸ್ 11 ಇರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದರದೇ ಸರಳ ರೂಪ, ಡಿವೈಸ್ ಎನ್‌ಕ್ರಿಪ್ಷನ್, ತಾನಾಗೇ ಆನ್ ಆಗಿರುತ್ತೆ, ನಾವು ಆನ್ ಮಾಡಿರಲ್ಲ. ನಾನು ಬರೀ ಸೆಕ್ಯೂರ್ ಬೂಟ್ (ಬೂಟ್ ಆಗೋದು ಅಸಲಿಯಾ ಅಂತ ನೋಡೋ ಸೆಟ್ಟಿಂಗ್) ಆಫ್ ಮಾಡಿದೆ, ಅಷ್ಟಕ್ಕೇ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳ್ತು. ಕೀ ಇದ್ದದ್ದು ನನ್ನ ಖಾತೆಯಲ್ಲಿ. ಖಾತೆಯ ಪಾಸ್‌ವರ್ಡ್ ಬದಲಿಸೋಕೆ ಕೋಡ್ ಹೋಗ್ತಿದ್ದದ್ದು ಎಂದೋ ಬಿಟ್ಟ ಹಳೇ ಫೋನ್ ನಂಬರಿಗೆ. ಆ ನಂಬರ್ ಮತ್ತೆ ನನ್ನ ಹೆಸರಿಗೆ ಸಿಗಲಿಲ್ಲ. ಮಗು ಹುಟ್ಟಿದಾಗಿನ ವೀಡಿಯೋ ಎಲ್ಲ ಅದರೊಳಗೇ ಉಳಿದವು. ಡೇಟಾ ರಿಕವರಿ ಮಾಡೋರ ಹತ್ತಿರ ಹೋದೆ, ಕೀ ಇಲ್ಲದೆ ಏನೂ ಆಗಲ್ಲ ಅಂತ ಹೇಳೋಕೂ ಫೀಸ್ ತಗೊಂಡರು. ಪಾರ್ಟಿಷನ್ ಮುಟ್ಟೋ ಮೊದಲು ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ.

ಎರಡು_ಡಿಸ್ಕ್_ಸುಖ:
ಬ್ಯಾಕಪ್ ಇರಲಿಲ್ವಾ?

ನೀಲಿಪರದೆ:
ಬ್ಯಾಕಪ್ ಇದ್ದಿದ್ದರೆ ಇಲ್ಲಿ ಯಾಕೆ ಬರೀತಿದ್ದೆ. ಇಂಥ ಪ್ರಶ್ನೆ ಕೇಳಿ ಏನು ಸಿಗುತ್ತೆ ನಿಮಗೆ?

ಕಮಾಂಡ್_ಕೈ:
ಇನ್ನೊಂದು ವಿಷಯ. ಸಿ ಡ್ರೈವನ್ನು ಲಿನಕ್ಸ್‌ನಿಂದ ತೆಗೆದರೆ ಓದೋಕೆ ಮಾತ್ರ ಬಿಟ್ಟು ಬರೆಯೋಕೆ ಬಿಡದೇ ಇದ್ದರೆ ಹೆದರಬೇಡಿ, ಎನ್‌ಟಿಎಫ್‌ಎಸ್‌ಫಿಕ್ಸ್ ಕಮಾಂಡ್ ಓಡಿಸಿ. ನಾನು ವರ್ಷಗಳಿಂದ ಹಾಗೇ ಮಾಡ್ತಿದ್ದೀನಿ, ಏನೂ ಆಗಿಲ್ಲ.

ಜಿಪಾರ್ಟೆಡ್_ಜಟ್ಟಿ:
ಯಪ್ಪಾ, ಇದನ್ನ ಹೇಳಿಕೊಡಬ್ಯಾಡ್ರಿ! ಅದು ಡಿಸ್ಕ್ ರಿಪೇರಿ ಅಲ್ಲ. ಒಂದೆರಡು ಸಣ್ಣ ತಪ್ಪು ತಿದ್ದಿ, ಜರ್ನಲ್ (ಬದಲಾವಣೆ ಬರದಿಡೋ ದಾಖಲೆ) ಖಾಲಿ ಮಾಡಿ, ಮುಂದಿನ ಸಲ ವಿಂಡೋಸ್‌ನ ಚೆಕ್‌ಡಿಸ್ಕ್ ಓಡ್ಲಿ ಅಂತ ಗುರುತು ಹಾಕತೈತಿ, ಅಷ್ಟ. ಅದು ಯಾಕ ಬರಿಯಾಕ ಬಿಡವಲ್ದು ಮೊದಲ ತಿಳ್ಕೋರಿ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್‌ಅಪ್ ಐತಿ. ಶಟ್‌ಡೌನ್ ಅಂದ್ರ ಅರ್ಧ ಹೈಬರ್ನೇಟ್, ಸಿ ಡ್ರೈವ್ ಇನ್ನೂ ವಿಂಡೋಸ್ ಕೈಯಾಗ ಇರತೈತಿ. ಆಗ ಹೊರಗಿಂದ ಬರದ್ರ ಫೈಲ್ ಸಿಸ್ಟಮ್ ಹಾಳಾಗತೈತಿ. ನನ್ನ ತಮ್ಮನ ಡಿಸ್ಕ್ ಹಂಗ ಹೋಗಿತ್ತು, ಚೆಕ್‌ಡಿಸ್ಕ್ ಮುಗದ ಮ್ಯಾಲ ಫೈಲ್ ಎಲ್ಲಾ ಹೆಸರಿಲ್ಲದ ತುಣುಕು. ವಿಂಡೋಸ್‌ನಾಗ ಅಡ್ಮಿನ್ ಆಗಿ ಪವರ್‌ಸಿಎಫ್‌ಜಿ /ಎಚ್ ಆಫ್ ಅಂತ ಕೊಡ್ರಿ, ಫಾಸ್ಟ್ ಸ್ಟಾರ್ಟ್‌ಅಪ್ ಬಂದ್ ಆಗತೈತಿ.

ಕಮಾಂಡ್_ಕೈ:
ನನಗೆ ಏನೂ ಆಗಿಲ್ಲ ಅಂದೆ. ನಿಮ್ಮ ತಮ್ಮ ಏನು ಮಾಡಿದ್ದರೋ ಯಾರಿಗೆ ಗೊತ್ತು.

ಜಿಪಾರ್ಟೆಡ್_ಜಟ್ಟಿ:
ತಮ್ಮನ ಸುದ್ದಿಗೆ ಬರಬ್ಯಾಡ್ರಿ.

ಅರ್ಧಡಿಸ್ಕ್:
ಎಲ್ಲರಿಗೂ ಧನ್ಯವಾದ. ರೂಟ್‌ನಲ್ಲಿ ಹೆಚ್ಚು ಜಾಗ ತಿಂದಿರೋದು ಹೋಮ್, 41 ಜಿಬಿ. ಆದರೆ ರಿಕವರಿ ಅಳಿಸಬಹುದಾ ಅನ್ನೋದು ಇನ್ನೂ ಗೊತ್ತಾಗಲಿಲ್ಲ.

ಚಿಕ್ಕಉತ್ತರ:
41 ಜಿಬಿ ಹೋಮ್ ಅಂದ ಮೇಲೆ ನಾನು ಹೇಳಿದ್ದೇ ಸರಿ. ಅಳಿಸಲೇಬೇಕು ಅಂದರೆ ಮೊದಲು ವಿಂಡೋಸ್‌ನಲ್ಲಿ ರಿಏಜೆಂಟ್‌ಸಿ /ಡಿಸೇಬಲ್ ಕಮಾಂಡ್. ಅದು ವಿನ್‌ಆರ್‌ಇ (ರಿಪೇರಿ ವ್ಯವಸ್ಥೆ) ಇಮೇಜನ್ನು ಸಿ ಒಳಗೆ ತಂದಿಡುತ್ತೆ. ತಂದಿಟ್ಟಿದೆಯಾ ಅಂತ ನೋಡದೆ ಅಳಿಸಬೇಡಿ. ಕೆಲಸ ಮುಗಿದ ಮೇಲೆ /ಎನೇಬಲ್. ಬೇಡದಿದ್ದರೆ ಅದನ್ನು ಅಲ್ಲೇ ಬಿಡಿ, 700 ಎಂಬಿಗೆ ಯಾಕೆ ಜಗಳ.

ನಾಲ್ಕೇ_ಪ್ರೈಮರಿ:
ಬಿಡಿ ಅನ್ನೋದು ಸುಲಭ. 2024ರ ಜನವರಿಯಲ್ಲಿ ರಿಕವರಿ ಪಾರ್ಟಿಷನ್ ಚಿಕ್ಕದಿದ್ದ ವಿಂಡೋಸ್ 10 ಕಂಪ್ಯೂಟರ್‌ಗಳಲ್ಲಿ ಒಂದು ಅಪ್‌ಡೇಟ್ ಕೂರದೆ 0x80070643 ಅಂತ ಎರರ್ ಕೊಡ್ತಿತ್ತು. 250 ಎಂಬಿ ಹೆಚ್ಚಿಸಿ ಅಂತ ಜನರ ಕೈಲೇ ಕಮಾಂಡ್ ಹೊಡೆಸಿದರು. ಪಕ್ಕದಲ್ಲಿ ಲಿನಕ್ಸ್ ಇದ್ದವರು ಸಿ ಕಡೆಯಿಂದಲೇ ಜಾಗ ಕಿತ್ತುಕೊಳ್ಳಬೇಕು. ನಿಮ್ಮ ಹತ್ತಿರ ಈಗ 80 ಜಿಬಿ ಸುಮ್ಮನೆ ಬಿದ್ದಿದೆ, ಒಂದು ಜಿಬಿ ರಿಕವರಿಯ ಎಡಗಡೆ ಖಾಲಿ ಬಿಡಿ.

ಎರಡು_ಡಿಸ್ಕ್_ಸುಖ:
ಎಡಗಡೆ ಖಾಲಿ ಬಿಟ್ಟರೆ ವಿಂಡೋಸ್‌ನ ಎಕ್ಸ್‌ಟೆಂಡ್ ಅದನ್ನು ತಗೊಳ್ಳುತ್ತಾ? ಅದು ಬಲಗಡೆ ಅಂಟಿಕೊಂಡ ಜಾಗ ಮಾತ್ರ ತಗೊಳ್ಳೋದು.

ನಾಲ್ಕೇ_ಪ್ರೈಮರಿ:
ರಿಕವರಿಯನ್ನು ಹಿಗ್ಗಿಸಿ ಅಂತ ಯಾರು ಹೇಳಿದರು? ಅಳಿಸಿ ದೊಡ್ಡದಾಗಿ ಮತ್ತೆ ಮಾಡೋದು. ಓದಿ ಬರೀರಿ.

ಕಮಾಂಡ್_ಕೈ:
ಇದನ್ನೆಲ್ಲ ಮುಗಿಸಿದ ಮೇಲೆ ಗಡಿಯಾರ ಹಿಂದುಮುಂದಾಗುತ್ತೆ, ಅದಕ್ಕೆ ಮತ್ತೆ ಇಲ್ಲಿ ಬರ್ತೀರಿ. ಲಿನಕ್ಸ್ ಹಾರ್ಡ್‌ವೇರ್ ಗಡಿಯಾರವನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಸಮಯ) ಅಂದ್ಕೊಳ್ಳುತ್ತೆ, ವಿಂಡೋಸ್ ಲೋಕಲ್ ಟೈಮ್ ಅಂದ್ಕೊಳ್ಳುತ್ತೆ. ಲಿನಕ್ಸ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಕೊಡಿ, ಸರಿಹೋಗುತ್ತೆ.

ನೀಲಿಪರದೆ:
ತಪ್ಪು. ಬಗ್ಗಬೇಕಾದದ್ದು ವಿಂಡೋಸ್. ಅದರ ಸೆಟ್ಟಿಂಗ್‌ಗಳಿರೋ ರಿಜಿಸ್ಟ್ರಿಯಲ್ಲಿ ರಿಯಲ್‌ಟೈಮ್‌ಈಸ್‌ಯುನಿವರ್ಸಲ್ 1 ಮಾಡಿ.

ಕಮಾಂಡ್_ಕೈ:
ಒಂದು ಕಮಾಂಡಲ್ಲಿ ಆಗೋದಕ್ಕೆ ರಿಜಿಸ್ಟ್ರಿ ತಿದ್ದೋರು ನೀವೊಬ್ಬರೇ.

ನೀಲಿಪರದೆ:
ಆ ಒಂದು ಕಮಾಂಡ್ ಕೊಟ್ಟ ಮೇಲೆ ಬರೀ ಟೈಮ್‌ಡೇಟ್‌ಸಿಟಿಎಲ್ ಅಂತ ಹೊಡೆದರೆ ಅದು ತಾನೇ ಎಚ್ಚರಿಕೆ ಮುದ್ರಿಸುತ್ತಲ್ಲ, ಅದನ್ನು ಯಾವತ್ತಾದರೂ ಓದಿದ್ದೀರಾ? ಬೇಸಿಗೆಗೆ ಗಡಿಯಾರ ಬದಲಿಸೋ ಕಡೆ ಎರಡೂ ಓಎಸ್ ಒಂದೊಂದು ಸಲ ತಿರುಗಿಸಿ ಒಂದು ಗಂಟೆ ಆಚೀಚೆ ಆಗಬಹುದು. ಎನ್‌ಟಿಎಫ್‌ಎಸ್‌ಫಿಕ್ಸ್ ಥರಾನೇ ಇದೂ, ನಿಮಗೆ ಆಗಿಲ್ಲ ಅಂದರೆ ಯಾರಿಗೂ ಆಗಲ್ಲ ಅಂತ ಲೆಕ್ಕ.